ಸವೆದ ಟೈರಿನ ರಬ್ಬರ್ ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ಹೊಸ ಟೈರಿನ ಗ್ರಿಪ್ ಕೆಲವೇ ವರ್ಷಗಳಲ್ಲಿ ಸವೆದು ಬೋಳಾಗುತ್ತದೆ. ಅಷ್ಟು ರಬ್ಬರ್ ಹೋಗೋದಾದರೂ ಎಲ್ಲಿಗೆ?

ಉತ್ತರ: ಎಲ್ಲಿಗೂ ಮಾಯವಾಗುವುದಿಲ್ಲ. ಕಾರಿನ ಒಂದು ಟೈರ್ ಬೋಳಾಗುವಷ್ಟರಲ್ಲಿ ಸುಮಾರು ಒಂದು ಕಿಲೋ ಪುಡಿಯಾಗಿ ಉದುರಿರುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಈ ಕಣಗಳು ಹೊಸೆದ ಬತ್ತಿಯ ಹಾಗೆ ಉದ್ದುದ್ದ ಇರುತ್ತವೆ. ಮೈಗೆಲ್ಲ ರಸ್ತೆಯ ಕಲ್ಲುಪುಡಿ ಮೆತ್ತಿಕೊಂಡಿರುತ್ತದೆ. ತೀರಾ ಸಣ್ಣವು ಗಾಳಿಗೆ ಸೇರಿ ನಮ್ಮ ಉಸಿರಿಗೆ ಬರುತ್ತವೆ. ಹೆಚ್ಚಿನವು ರಸ್ತೆ ಪಕ್ಕದ ಮಣ್ಣಿಗೆ ಬೀಳುತ್ತವೆ, ಮಳೆ ಬಂದರೆ ಚರಂಡಿ ಹಿಡಿದು ಹಳ್ಳಕ್ಕೆ ಹೋಗುತ್ತವೆ.

ಹಳ್ಳದಲ್ಲಿ ಏನಾಗುತ್ತದೆ ಅನ್ನೋದಕ್ಕೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕೊಹೊ ಸಾಲ್ಮನ್ ಮೀನುಗಳೇ ಸಾಕ್ಷಿ. ಮೊಟ್ಟೆ ಇಡಲು ಸಮುದ್ರದಿಂದ ಹಳ್ಳಕ್ಕೆ ಬಂದ ಮೀನುಗಳು ಮಳೆ ಬಿದ್ದ ಕೆಲವೇ ಗಂಟೆಗಳಲ್ಲಿ, ಮೊಟ್ಟೆ ಇನ್ನೂ ಹೊಟ್ಟೆಯಲ್ಲಿರುವಾಗಲೇ ಸಾಯುತ್ತಿದ್ದವು. ಬಹಳ ವರ್ಷ ಕಾರಣವೇ ತಿಳಿಯಲಿಲ್ಲ. 2020ರಲ್ಲಿ ಗೊತ್ತಾಯಿತು. ಗಾಳಿಯಲ್ಲಿರುವ ಓಝೋನ್ ಅನಿಲ ತಾಗಿ ಟೈರ್ ಬಿರುಕು ಬಿಡದಿರಲಿ ಅಂತ ರಬ್ಬರಿಗೆ 6ಪಿಪಿಡಿ ಎಂಬ ರಾಸಾಯನಿಕ ಬೆರೆಸುತ್ತಾರೆ. ಅದೇ ಓಝೋನ್ ಜೊತೆ ಸೇರಿ 6ಪಿಪಿಡಿ-ಕ್ವಿನೋನ್ ಆಗುತ್ತದೆ. ಲೀಟರ್ ನೀರಿಗೆ ಒಂದು ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೂ ಕೊಹೊ ಸಾಯುತ್ತದೆ. ಅದರ ಹತ್ತಿರದ ನೆಂಟ ಚಮ್ ಸಾಲ್ಮನ್‌ಗೆ ಮಾತ್ರ ಅಂಥದ್ದೇನೂ ಆಗುವುದಿಲ್ಲ! ಹಾಗಾಗಿ ಒಂದು ಮೀನು ಬದುಕಿತು ಅಂತ ನೀರು ಸುರಕ್ಷಿತ ಅನ್ನುವಂತಿಲ್ಲ.

ಬ್ರೇಕ್ ಪುಡಿಯ ಕಥೆ ಬೇರೆ. ಚಕ್ರದ ರಿಮ್ಮಿಗೆ ಹತ್ತುವ ಕಪ್ಪು ಮಸಿ ನೋಡಿರುತ್ತೀರಲ್ವಾ, ಅದರಲ್ಲಿ ಹೆಚ್ಚಾಗಿ ಇರೋದು ಬ್ರೇಕಿನ ಪುಡಿಯೇ. ಕಬ್ಬಿಣ, ತಾಮ್ರದಂಥ ಲೋಹಗಳಿರುವ ಈ ಪುಡಿ ಟೈರಿನದಕ್ಕಿಂತ ಸಣ್ಣದು, ಗಾಳಿಯಲ್ಲಿ ಜಾಸ್ತಿ ತೇಲುತ್ತದೆ.

ಎಲೆಕ್ಟ್ರಿಕ್ ಕಾರು ಬಂದರೆ ಇದೆಲ್ಲ ನಿಲ್ಲುತ್ತಾ? ಅರ್ಧ ಮಾತ್ರ. ವೇಗ ತಗ್ಗಿಸುವ ಕೆಲಸವನ್ನು ಬಹುಪಾಲು ಮೋಟರೇ ಮಾಡುವುದರಿಂದ ಬ್ರೇಕ್ ಕಡಿಮೆ ಸವೆಯುತ್ತದೆ. ಆದರೆ ಬ್ಯಾಟರಿಯ ಭಾರಕ್ಕೆ ಟೈರ್ ಬೇಗ ಸವೆಯುತ್ತದೆ. ಹೊಗೆ ಇಲ್ಲ ಅನ್ನೋದು ದೊಡ್ಡ ಲಾಭವೇ, ಅದನ್ನು ಸುಮ್ನೆ ತಳ್ಳಿಹಾಕಬಾರದು.

ಇಷ್ಟು ವರ್ಷ ಕಾನೂನುಗಳೆಲ್ಲ ಹೊಗೆಯನ್ನೇ ಅಳೆದವು. ಯುರೋಪಿನ ಯುರೋ 7 ನಿಯಮ ಬ್ರೇಕ್ ಪುಡಿಗೂ ಟೈರ್ ಸವೆತಕ್ಕೂ ಮಿತಿ ಹಾಕಿದೆ. ನನಗೆ ಕೇಳಿದರೆ ಇದು ತುಂಬ ಮೊದಲೇ ಆಗಬೇಕಿತ್ತು. ಟೈರಿಗೆ ಏನು ಬೆರೆಸಬೇಕು ಅನ್ನೋದು ಓಡಿಸುವವರ ಕೈಯಲ್ಲಿಲ್ಲ, ತಯಾರಕರ ಕೈಯಲ್ಲಿದೆ.

ನಮ್ಮ ಕೈಯಲ್ಲಿರುವುದು ಸವೆತ ತಗ್ಗಿಸುವುದು. ಒಮ್ಮೆಲೇ ವೇಗ ಹೆಚ್ಚಿಸಬೇಡಿ, ಗಕ್ಕನೆ ಬ್ರೇಕ್ ಒತ್ತಬೇಡಿ. ಟೈರನ್ನೂ ಆಗಾಗ ನೋಡಿ: ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆಯಿದೆ, ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ಮಾಡಿಸಬೇಕು.