ಖಾಲಿ ಕ್ಯಾಲೆಂಡರ್ ಕೊಟ್ಟ ಫೈನಲ್: ಬೆಂಗಳೂರು ಎಫ್‌ಸಿ ಮತ್ತು 2016ರ ಎಎಫ್‌ಸಿ ಕಪ್

ಭಾರತದ ಫುಟ್‌ಬಾಲ್ ಕ್ಲಬ್‌ಗಳು ಏಷ್ಯಾದಲ್ಲಿ ಎಲ್ಲಿವೆ ಅಂತ ಯಾರಾದರೂ ಕೇಳಿದರೆ ಉತ್ತರ ಹೇಳೋದು ಕಷ್ಟ. ಮೊದಲು ಟೂರ್ನಿಗಳ ಹೆಸರು ಬಿಡಿಸಬೇಕು. ಏಷ್ಯಾದ ಫುಟ್‌ಬಾಲ್ ಒಕ್ಕೂಟ, ಅಂದರೆ ಎಎಫ್‌ಸಿ ನಡೆಸುತ್ತಿದ್ದ ಎಎಫ್‌ಸಿ ಕಪ್ ಅಂತ ಇತ್ತಲ್ಲ, 2024ರಿಂದ ಆ ಎರಡನೇ ದರ್ಜೆಗೆ ಎಎಫ್‌ಸಿ ಚಾಂಪಿಯನ್ಸ್ ಲೀಗ್ ಟೂ ಅನ್ನುತ್ತಾರೆ. ಅದರ ಮೇಲೆ ಚಾಂಪಿಯನ್ಸ್ ಲೀಗ್ ಎಲೈಟ್, ಕೆಳಗೆ ಚಾಲೆಂಜ್ ಲೀಗ್. ಆಮೇಲೆ ನಮ್ಮ ಲೀಗ್‌ಗಳ ಕಥೆ. ಹಳೇ ಐ-ಲೀಗ್ ಗೆದ್ದವರು ಹೋಗ್ತಾರಾ, ಹೊಸ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಗೆದ್ದವರಾ? ಇದಕ್ಕೆ ಒಂದೊಂದು ಕಾಲದಲ್ಲಿ ಒಂದೊಂದು ಉತ್ತರ.

ಇಷ್ಟೆಲ್ಲ ಗೋಜಲಿನ ನಡುವೆ ಒಂದು ಸೀಸನ್ ಮಾತ್ರ ಎಲ್ಲರಿಗೂ ನೆನಪಿದೆ. 2016ರಲ್ಲಿ ಬೆಂಗಳೂರು ಎಫ್‌ಸಿ ಎಎಫ್‌ಸಿ ಕಪ್ ಫೈನಲ್ ತಲುಪಿತು. ಭಾರತದ ಬೇರೆ ಯಾವ ಕ್ಲಬ್ಬೂ ಈ ಟೂರ್ನಿಯಲ್ಲಿ ಅಲ್ಲಿವರೆಗೆ ಹೋಗಿರಲಿಲ್ಲ.

ಅದಕ್ಕೂ ಮುಂಚಿನ ಕಥೆಯನ್ನು ಬೇಗ ಮುಗಿಸಿಬಿಡೋಣ. ಏಷ್ಯಾದ ಕ್ಲಬ್ ಟೂರ್ನಿ ಶುರುವಾದದ್ದು 1967ರಲ್ಲಿ. 1969ರಲ್ಲಿ ಬ್ಯಾಂಕಾಕ್‌ನಲ್ಲಿ ನಡೆದಾಗ ಭಾರತದ ಪರವಾಗಿ ಹೋದದ್ದು ಯಾರು ಗೊತ್ತಾ? ಮೈಸೂರು ರಾಜ್ಯ ತಂಡ. ಅದು ಕ್ಲಬ್ ಅಲ್ಲವೇ ಅಲ್ಲ, ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದ ತಂಡ. ಆದರೂ ನಾಲ್ಕನೇ ಸ್ಥಾನ ಪಡೆಯಿತು. ನಮ್ಮೂರಲ್ಲೇ ಇದು ಎಷ್ಟು ಜನಕ್ಕೆ ಗೊತ್ತೋ! ಆಮೇಲೆ ದಶಕಗಳ ಕಾಲ ಕೋಲ್ಕತ್ತಾ ಮತ್ತು ಗೋವಾದ ಕ್ಲಬ್‌ಗಳು ಹೋಗಿ ಬರುತ್ತಿದ್ದವು. 2003ರಲ್ಲಿ ಈಸ್ಟ್ ಬೆಂಗಾಲ್ ಜಕಾರ್ತಾದಲ್ಲಿ ಆಸಿಯಾನ್ ಕ್ಲಬ್ ಕಪ್ ಗೆದ್ದಿತು. ದೊಡ್ಡ ಗೆಲುವೇ, ಆದರೆ ಅದು ಆಗ್ನೇಯ ಏಷ್ಯಾದ ಟೂರ್ನಿ, ಇಡೀ ಏಷ್ಯಾದ್ದಲ್ಲ. 2004ರಲ್ಲಿ ಎಎಫ್‌ಸಿ ಕಪ್ ಬಂತು. 2008ರಲ್ಲಿ ಡೆಂಪೊ, 2013ರಲ್ಲಿ ಈಸ್ಟ್ ಬೆಂಗಾಲ್ ಸೆಮಿಫೈನಲ್‌ವರೆಗೆ ಹೋದವು. ಒಬ್ಬರನ್ನು ಲೆಬನಾನ್‌ನ ಸಫಾ ತಡೆಯಿತು, ಇನ್ನೊಬ್ಬರನ್ನು ಕುವೈತ್‌ನ ಅಲ್ ಕುವೈತ್.

ಪಶ್ಚಿಮ ಏಷ್ಯಾದ ಗೋಡೆ ಅನ್ನೋದು ಇದನ್ನೇ. ಕುವೈತ್ ಕ್ಲಬ್‌ಗಳಂತೂ 2009ರಿಂದ 2014ರ ನಡುವೆ ಆರರಲ್ಲಿ ನಾಲ್ಕು ಸಲ ಕಪ್ ಎತ್ತಿದ್ದವು. 2016ರ ಹೊತ್ತಿಗೆ ಈ ಗೋಡೆಯಲ್ಲಿ ಎರಡು ಬದಲಾವಣೆ ಆಗಿತ್ತು. ಒಂದು, 2016ರಲ್ಲಿ ಟೂರ್ನಿಯನ್ನು ಫೈನಲ್‌ವರೆಗೂ ಪೂರ್ವ, ಪಶ್ಚಿಮ ಅಂತ ಎರಡು ಪಾಲು ಮಾಡಿದ್ದರು. ಭಾರತ ಪೂರ್ವದ ಪಾಲಿಗೆ ಬಿತ್ತು. ಅಂದರೆ ಫೈನಲ್‌ವರೆಗೆ ಅರಬ್ ಕ್ಲಬ್‌ಗಳ ಮುಖ ನೋಡುವ ಹಾಗೇ ಇಲ್ಲ. ಇನ್ನೊಂದು, 2015ರ ಅಕ್ಟೋಬರ್‌ನಲ್ಲಿ ಫಿಫಾ ಕುವೈತ್ ಫುಟ್‌ಬಾಲ್ ಸಂಸ್ಥೆಯನ್ನು ಅಮಾನತು ಮಾಡಿತು. ಆ ವರ್ಷ ಸೆಮಿಫೈನಲ್‌ಗೆ ಬಂದಿದ್ದ ಎರಡು ಕುವೈತ್ ಕ್ಲಬ್‌ಗಳು ಸೆಮಿಫೈನಲ್‌ನ ಎರಡನೇ ಪಂದ್ಯ ಆಡದೆಯೇ ಹೊರಬಿದ್ದವು. ಕಪ್ ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್ ಪಾಲಾಯಿತು. 2016ರಲ್ಲೂ ಕುವೈತ್ ಕ್ಲಬ್‌ಗಳು ಇರಲಿಲ್ಲ.

ಈಗ ಬೆಂಗಳೂರಿಗೆ ಬರೋಣ. ಕ್ಲಬ್ ಹುಟ್ಟಿದ್ದೇ 2013ರಲ್ಲಿ. ಮೊದಲ ಸೀಸನ್‌ನಲ್ಲೇ ಐ-ಲೀಗ್ ಗೆದ್ದಿತು, ಮರುವರ್ಷ ದೇಶದ ಇನ್ನೊಂದು ಟೂರ್ನಿ ಫೆಡರೇಷನ್ ಕಪ್, 2016ರಲ್ಲಿ ಮತ್ತೆ ಐ-ಲೀಗ್. ಕೋಚ್ ಆ್ಯಶ್ಲಿ ವೆಸ್ಟ್‌ವುಡ್. ಎಎಫ್‌ಸಿ ಕಪ್ ಗುಂಪಿನಲ್ಲಿ ಜೊಹೊರ್, ಮ್ಯಾನ್ಮಾರ್‌ನ ಅಯೆಯವಾಡಿ ಯುನೈಟೆಡ್, ಲಾವೋಸ್‌ನ ಲಾವೋ ಟೊಯೊಟಾ ಇದ್ದವು. ನಿಜ ಹೇಳಬೇಕಂದರೆ ಗುಂಪಿನ ಆಟ ಅಷ್ಟಕ್ಕಷ್ಟೇ. ಆರರಲ್ಲಿ ಮೂರು ಗೆದ್ದು ಮೂರು ಸೋತು ಎರಡನೇ ಸ್ಥಾನದಲ್ಲಿ ಮುಂದೆ ಹೋಯಿತು. ಜೊಹೊರ್ ಎರಡು ಪಂದ್ಯದಲ್ಲೂ ಸೋಲಿಸಿತ್ತು. ಮೇ ತಿಂಗಳಲ್ಲಿ ಹಾಂಗ್‌ಕಾಂಗ್‌ಗೆ ಹೋಗಿ ಕಿಚಿ ತಂಡವನ್ನು 3-2ರಿಂದ ಮಣಿಸಿ ಕ್ವಾರ್ಟರ್‌ಫೈನಲ್ ಸೇರಿತು. ಅಷ್ಟರಲ್ಲಿ ವೆಸ್ಟ್‌ವುಡ್ ಕ್ಲಬ್ ಬಿಟ್ಟರು.

ಮುಂದಿನ ಪಂದ್ಯ ಸೆಪ್ಟೆಂಬರ್‌ನಲ್ಲಿ. ಮಧ್ಯದಲ್ಲಿ ಮೂರು ತಿಂಗಳಿಗೂ ಜಾಸ್ತಿ ಖಾಲಿ. ನನ್ನ ಲೆಕ್ಕದಲ್ಲಿ ಇಡೀ ಕಥೆಯ ಕೀಲಿ ಇರುವುದು ಈ ಖಾಲಿ ಜಾಗದಲ್ಲೇ.

ಆಗ ನಮ್ಮಲ್ಲಿ ಎರಡು ಲೀಗ್. ಐ-ಲೀಗ್ ವರ್ಷದ ಶುರುವಿನಲ್ಲಿ ಆಡಿ ಬೇಸಿಗೆಯೊಳಗೆ ಮುಗಿಯುತ್ತಿತ್ತು. 2014ರಲ್ಲಿ ಶುರುವಾದ ಐಎಸ್‌ಎಲ್ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಟಿವಿ, ಜಾಹೀರಾತು, ಸಿನಿಮಾ ತಾರೆಯರು ಎಲ್ಲ ಐಎಸ್‌ಎಲ್ ಕಡೆ. ಆದರೆ ಏಷ್ಯಾಕ್ಕೆ ಟಿಕೆಟ್ ಇದ್ದದ್ದು ಐ-ಲೀಗ್ ಮತ್ತು ಫೆಡರೇಷನ್ ಕಪ್‌ಗೆ. ಜನ ನೋಡುವ ಲೀಗ್‌ಗೆ ಏಷ್ಯಾದಲ್ಲಿ ಜಾಗ ಇಲ್ಲ, ಜಾಗ ಇರುವ ಲೀಗನ್ನು ಜನ ನೋಡಲ್ಲ. ಐ-ಲೀಗ್ ಕ್ಲಬ್‌ಗಳ ಆಟಗಾರರು ಅಕ್ಟೋಬರ್ ಬಂದರೆ ಎರವಲಾಗಿ ಐಎಸ್‌ಎಲ್ ತಂಡಗಳಿಗೆ ಹೋಗುತ್ತಿದ್ದರು. ಒಂದೇ ವರ್ಷದಲ್ಲಿ ಎರಡು ಜೆರ್ಸಿ, ಇಬ್ಬರು ಕೋಚ್. ಇದನ್ನು ಎಲ್ಲರೂ ಬೈಯುತ್ತಿದ್ದರು, ಬೈಯಬೇಕಾದದ್ದೇ.

ಆದರೆ ಆ ವರ್ಷ ಮಾತ್ರ ಈ ಎಡವಟ್ಟು ಬೆಂಗಳೂರಿಗೆ ವರವಾಯಿತು. ಜುಲೈನಲ್ಲಿ ಹೊಸ ಕೋಚ್ ಆಲ್ಬರ್ಟ್ ರೋಕಾ ಬಂದರು. ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್ ಕೈಕೆಳಗೆ ಸಹಾಯಕ ಕೋಚ್ ಆಗಿದ್ದವರು. ಅವರ ಮುಂದೆ ಲೀಗ್ ಪಂದ್ಯಗಳ ಒತ್ತಡ ಇರಲಿಲ್ಲ. ಮೂರೂ ಹೊತ್ತು ಏಷ್ಯಾದ್ದೇ ಯೋಚನೆ. ಎಎಫ್‌ಸಿ ನಿಯಮದಂತೆ ಮೂವರು ವಿದೇಶಿಯರು, ಜೊತೆಗೆ ಒಬ್ಬ ಏಷ್ಯಾದವನು. ಜಾನ್ ಜಾನ್ಸನ್, ಹುವಾನನ್, ಆಲ್ವಾರೊ ರೂಬಿಯೊ, ಏಷ್ಯಾದ ಲೆಕ್ಕಕ್ಕೆ ಆಸ್ಟ್ರೇಲಿಯಾದ ಕ್ಯಾಮರಾನ್ ವಾಟ್ಸನ್. ಉಳಿದವರೆಲ್ಲ ನಮ್ಮವರು. ಚೆಂಡನ್ನು ಸುಮ್ನೆ ಮುಂದಕ್ಕೆ ಒದೆಯೋದು ಬಿಟ್ಟು ಪಾಸ್ ಮಾಡಿ ಕಟ್ಟುವ ಆಟವನ್ನು ರೋಕಾ ಕಲಿಸಲು ಶುರು ಮಾಡಿದರು. ಐಎಸ್‌ಎಲ್ ಶುರುವಾದರೂ ಮುಖ್ಯ ಆಟಗಾರರು ಟೂರ್ನಿ ಮುಗಿಯುವ ತನಕ ಇಲ್ಲೇ ಉಳಿದರು.

ಸೆಪ್ಟೆಂಬರ್ 14ರಂದು ಕಂಠೀರವದಲ್ಲಿ ಸಿಂಗಪುರದ ಟ್ಯಾಂಪಿನ್ಸ್ ರೋವರ್ಸ್ ಜೊತೆ ಕ್ವಾರ್ಟರ್‌ಫೈನಲ್‌ನ ಮೊದಲ ಪಂದ್ಯ. ಎರಡು ದಿನದ ಹಿಂದಷ್ಟೇ ಕಾವೇರಿ ಗಲಾಟೆಯಲ್ಲಿ ಊರು ಹೊತ್ತಿ ಉರಿದಿತ್ತು, ಕೆಲವು ಕಡೆ ಕರ್ಫ್ಯೂ ಹಾಕಿದ್ದರು. ಅಂಥ ವಾರದಲ್ಲಿ ಫುಟ್‌ಬಾಲ್ ಯಾರಿಗೆ ಬೇಕಿತ್ತು ಅನ್ನಿಸಬಹುದು. ಸಿ.ಕೆ. ವಿನೀತ್ ಹೊಡೆದ ಒಂದೇ ಗೋಲಿನಿಂದ ಗೆದ್ದರು. ಸಿಂಗಪುರದಲ್ಲಿ 0-0. ಅಷ್ಟು ಸಾಕಾಯಿತು.

ಸೆಮಿಫೈನಲ್‌ನಲ್ಲಿ ಮತ್ತೆ ಅದೇ ಜೊಹೊರ್. 2015ರಲ್ಲಿ ಚಾಂಪಿಯನ್ಸ್ ಲೀಗ್ ಅರ್ಹತಾ ಪಂದ್ಯದಲ್ಲಿ ಸೋಲಿಸಿದ್ದೂ ಇವರೇ. ಮಲೇಷ್ಯಾದ ಲಾರ್ಕಿನ್‌ನಲ್ಲಿ ಯುಜೆನ್‌ಸನ್ ಲಿಂಗ್ಡೊ ಗೋಲಿನಿಂದ 1-1. ಎರಡು ಪಂದ್ಯಗಳ ಒಟ್ಟು ಗೋಲು ಸಮವಾದರೆ ಎದುರಾಳಿ ಅಂಗಳದ ಗೋಲಿಗೆ ಆಗ ಹೆಚ್ಚು ಬೆಲೆ. ಹಾಗಾಗಿ ಇಲ್ಲಿ 0-0 ಆಗಿದ್ದರೂ ಬೆಂಗಳೂರು ಫೈನಲ್‌ಗೆ ಹೋಗುತ್ತಿತ್ತು.

ಅಕ್ಟೋಬರ್ 19, ಬುಧವಾರ. ಕಂಠೀರವದಲ್ಲಿ ಅವತ್ತು ಇದ್ದವರನ್ನು ಕೇಳಿ ನೋಡಿ, ಪಂದ್ಯದ ಒಂದೊಂದು ನಿಮಿಷ ಹೇಳ್ತಾರೆ. ಓಟದ ಟ್ರ್ಯಾಕ್ ನಡುವೆ ಇರುವುದರಿಂದ ಅಲ್ಲಿ ಮೈದಾನ ದೂರ ಕಾಣುತ್ತದೆ, ಆದರೆ ವೆಸ್ಟ್ ಬ್ಲಾಕ್ ಬ್ಲೂಸ್ ಅಭಿಮಾನಿಗಳ ಗದ್ದಲಕ್ಕೆ ಆ ದೂರ ಲೆಕ್ಕಕ್ಕಿಲ್ಲ. ಶುರುವಿನಲ್ಲೇ ಸಫಿಕ್ ರಹೀಂ ಗೋಲ್ ಹೊಡೆದು ಜೊಹೊರ್‌ಗೆ ಮುನ್ನಡೆ ಕೊಟ್ಟರು. ಲಾರ್ಕಿನ್‌ನಲ್ಲಿ ಗಳಿಸಿದ್ದ ಲಾಭ ಅಲ್ಲಿಗೆ ಮುಗಿಯಿತು. ಮಧ್ಯಂತರಕ್ಕೆ ಸ್ವಲ್ಪ ಮುಂಚೆ ಕಾರ್ನರ್‌ನಿಂದ ಬಂದ ಚೆಂಡಿಗೆ ಸುನಿಲ್ ಛೆಟ್ರಿ ತಲೆ ಕೊಟ್ಟು ಸಮ ಮಾಡಿದರು. ಎರಡನೇ ಅವಧಿಯಲ್ಲಿ ಪೆನಾಲ್ಟಿ ಪೆಟ್ಟಿಗೆಯ ಆಚೆಯಿಂದ, ದೂರದಿಂದಲೇ ಒಂದು ಬಾರಿಸಿದರು. ಗೋಲಿ ನೋಡ್ತಾ ನಿಂತ. ಆಮೇಲೆ ಹುವಾನನ್ ತಲೆಯಿಂದ ಮೂರನೆಯದು. 3-1. ಹಿಂದಿನ ವರ್ಷದ ಚಾಂಪಿಯನ್ನರು ಹೊರಗೆ.

ಆ ಖುಷಿಯ ನಡುವೆ ಒಂದು ಪೆಟ್ಟೂ ಬಿತ್ತು. ಹಳದಿ ಕಾರ್ಡ್‌ಗಳ ಲೆಕ್ಕದಲ್ಲಿ ಗೋಲ್‌ಕೀಪರ್ ಅಮರಿಂದರ್ ಸಿಂಗ್ ಫೈನಲ್‌ಗೆ ಇಲ್ಲ. ಲಾಲ್‌ತುಅಮ್ಮಾವಿಯಾ ರಾಲ್ಟೆ ನಿಲ್ಲಬೇಕಾಯಿತು.

ಫೈನಲ್ ನವೆಂಬರ್ 5ರಂದು, ದೋಹಾದ ಸುಹೈಮ್ ಬಿನ್ ಹಮದ್ ಕ್ರೀಡಾಂಗಣದಲ್ಲಿ. ಎದುರಾಳಿ ಇರಾಕ್‌ನ ಅಲ್ ಕುವಾ ಅಲ್ ಜವಿಯಾ, ಅಂದರೆ ವಾಯುಪಡೆ ಕ್ಲಬ್. 1931ರಲ್ಲಿ ಹುಟ್ಟಿದ ಹಳೇ ಕ್ಲಬ್. ಭದ್ರತೆಯ ಕಾರಣಕ್ಕೆ ಇರಾಕ್‌ನಲ್ಲಿ ಅಂತರರಾಷ್ಟ್ರೀಯ ಪಂದ್ಯ ಆಡಿಸುವ ಹಾಗಿರಲಿಲ್ಲ, ಹೀಗಾಗಿ ದೋಹಾವೇ ಅವರ ತವರು ಅಂಗಳ. ಲೆಕ್ಕಕ್ಕೆ ಆತಿಥೇಯರು ಅವರು, ಆದರೆ ನಿಂತದ್ದು ಬಾಡಿಗೆ ಮನೆಯಲ್ಲಿ. 71ನೇ ನಿಮಿಷದಲ್ಲಿ ಹಮ್ಮಾದಿ ಅಹ್ಮದ್ ಗೋಲ್. ಆ ಟೂರ್ನಿಯಲ್ಲಿ ಅವರದು ಒಟ್ಟು 16 ಗೋಲು, ಇದು ಹದಿನಾರನೆಯದು. 1-0. ಈ ಕಪ್ ಗೆದ್ದ ಮೊದಲ ಇರಾಕಿ ಕ್ಲಬ್ ಅವರದಾಯಿತು. ಬೆಂಗಳೂರಿಗೆ ಬೆಳ್ಳಿ ಪದಕ.

ಫೈನಲ್ ಮುಗಿದದ್ದೇ ತಡ, ತಂಡ ಚದುರಿತು. ಛೆಟ್ರಿ ಮುಂಬೈ ಸಿಟಿಗೆ ಹೋದರು, ವಿನೀತ್ ಮತ್ತು ರಿನೊ ಆಂಟೊ ಕೇರಳ ಬ್ಲಾಸ್ಟರ್ಸ್‌ಗೆ. ದೇಶದ ಅತಿ ದೊಡ್ಡ ಕ್ಲಬ್ ಪಂದ್ಯ ಆಡಿ ಬಂದವರು ವಿಮಾನ ಇಳಿದು ಬೇರೆ ಬಣ್ಣದ ಜೆರ್ಸಿ ಹಾಕಿಕೊಂಡರು. ಆಗ ಅದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ.

2017ರಲ್ಲಿ ಟೂರ್ನಿಯ ನಕ್ಷೆ ಮತ್ತೆ ಬದಲಾಯಿತು. ದಕ್ಷಿಣ ಏಷ್ಯಾಕ್ಕೆ ಬೇರೆ ವಲಯ, ಅದನ್ನು ಗೆದ್ದ ಮೇಲೆ ಅಂತರ ವಲಯ ಪಂದ್ಯಗಳು. ಬೆಂಗಳೂರು ಆ ವರ್ಷ ಉತ್ತರ ಕೊರಿಯಾದ ‘ಏಪ್ರಿಲ್ 25’ ತಂಡವನ್ನು 3-0ರಿಂದ ಸೋಲಿಸಿ, ಪ್ಯೊಂಗ್ಯಾಂಗ್‌ಗೆ ಹೋಗಿ ಡ್ರಾ ಮಾಡಿಕೊಂಡು ಬಂತು. ತಜಿಕಿಸ್ತಾನದ ಇಸ್ತಿಕ್ಲೊಲ್ ಮುಂದೆ ಸೋತಿತು. 2018ರಲ್ಲಿ ತುರ್ಕಮೆನಿಸ್ತಾನದ ಅಲ್ತಿನ್ ಅಸಿರ್ ಮುಂದೆ. ಅಷ್ಟರಲ್ಲಿ ಕ್ಲಬ್ ಐಎಸ್‌ಎಲ್ ಸೇರಿತ್ತು. ಲೀಗ್ ಉದ್ದವಾಯಿತು, ಹೋಟೆಲ್, ವಿಮಾನ, ಮೈದಾನ ಎಲ್ಲ ಚೆನ್ನಾಯಿತು. ಏಷ್ಯಾಕ್ಕಾಗಿಯೇ ಮೂರು ತಿಂಗಳು ತಯಾರಿ ಮಾಡುವ ಸಮಯ ಮಾತ್ರ ಯಾರಿಗೂ ಮತ್ತೆ ಸಿಗಲಿಲ್ಲ. ಸಿಗಬೇಕು ಅಂತ ಯಾರೂ ಪಟ್ಟಾಗಿ ಕೇಳಿದಂತೆಯೂ ಕಾಣೆ.

ಬಾಕಿ ಕಥೆ ಚಿಕ್ಕದು. 2021ರಲ್ಲಿ ಎಫ್‌ಸಿ ಗೋವಾ ಚಾಂಪಿಯನ್ಸ್ ಲೀಗ್ ಗುಂಪು ಹಂತ ಆಡಿದ ಮೊದಲ ಭಾರತೀಯ ಕ್ಲಬ್ ಆಯಿತು. ಅದೇ ವರ್ಷ ಎಎಫ್‌ಸಿ ಕಪ್‌ನಲ್ಲಿ ಮೋಹನ್ ಬಾಗಾನ್ ಉಜ್ಬೇಕಿಸ್ತಾನದ ನಸಫ್ ಕೈಲಿ 6-0ರಿಂದ ಸೋತಿತು. 2024ರಲ್ಲಿ ಇರಾನಿನ ತಬ್ರಿಜ್‌ಗೆ ಪ್ರಯಾಣ ಮಾಡದ ಕಾರಣ ಬಾಗಾನ್ ಟೂರ್ನಿಯಿಂದಲೇ ಹಿಂದೆ ಸರಿದಿದೆ ಅಂತ ಎಎಫ್‌ಸಿ ತೀರ್ಮಾನಿಸಿತು. 2025ರ ಜುಲೈನಲ್ಲಿ ಐಎಸ್‌ಎಲ್‌ನ ಹೊಸ ಸೀಸನ್ನೇ ತಡೆಹಿಡಿದರು. ಆಗ ಮತ್ತೆ ಖಾಲಿ ಕ್ಯಾಲೆಂಡರ್, ಆದರೆ 2016ರ ಥರದ್ದಲ್ಲ.

ಅತ್ತ ದೋಹಾದಲ್ಲಿ ಬೆಂಗಳೂರನ್ನು ಸೋಲಿಸಿದ ವಾಯುಪಡೆ ಕ್ಲಬ್ ಸತತ ಮೂರು ವರ್ಷ ಕಪ್ ಗೆದ್ದಿತು. 2017ರ ಫೈನಲ್‌ನಲ್ಲಿ ಸೋತದ್ದು ಇಸ್ತಿಕ್ಲೊಲ್, 2018ರಲ್ಲಿ ಅಲ್ತಿನ್ ಅಸಿರ್. ಬೆಂಗಳೂರನ್ನು ತಡೆದ ಅವೇ ಎರಡು ತಂಡಗಳು. 2018ರ ಫೈನಲ್ ನಡೆದದ್ದು ಇರಾಕ್‌ನ ಬಸ್ರಾದಲ್ಲಿ. ಅವರಿಗೆ ಕೊನೆಗೂ ಸ್ವಂತ ನೆಲದಲ್ಲಿ ಆಡಲು ಅನುಮತಿ ಸಿಕ್ಕಿತ್ತು.