ಮೀಥೈಲ್ ಬ್ರೋಮೈಡ್: ಬಂದರಿನವರು 'ಎಂಬಿ' ಎನ್ನುವ ಅನಿಲದ ಪರಿಚಯ

ಬ್ರೋಮಿನ್ ಪರಮಾಣು ಇಂಗಾಲಕ್ಕೆ ನೇರವಾಗಿ ಬೆಸೆದುಕೊಂಡಿರುವ ಸಂಯುಕ್ತಗಳನ್ನು ಸಾವಯವ ಬ್ರೋಮಿನ್ ಸಂಯುಕ್ತಗಳು ಎನ್ನುತ್ತಾರೆ. ಅವುಗಳಲ್ಲೆಲ್ಲ ಅತಿ ಸರಳವಾದದ್ದು ಮೀಥೈಲ್ ಬ್ರೋಮೈಡ್. ಇದರ ಅಣುವಿನಲ್ಲಿರುವುದು ಒಂದು ಇಂಗಾಲ, ಮೂರು ಜಲಜನಕ ಮತ್ತು ಒಂದು ಬ್ರೋಮಿನ್ ಮಾತ್ರ. ಪಠ್ಯಪುಸ್ತಕಗಳಲ್ಲಿ ಇದು ಬ್ರೋಮೋಮೀಥೇನ್ ಎಂದು ಕಾಣಿಸಿಕೊಂಡರೆ, ಮಂಗಳೂರಿನ ಬಂದರಿರುವ ಪಣಂಬೂರಿನಲ್ಲಿ ಸರಕು ಸಾಗಣೆಯ ಕೆಲಸ ಮಾಡುವವರ ಬಾಯಲ್ಲಿ ಬರೀ 'ಎಂಬಿ'. 1974ರಲ್ಲಿ ಪ್ರಮುಖ ಬಂದರೆಂದು ಘೋಷಿತವಾದ ನವಮಂಗಳೂರು ಬಂದರಿನ ಮೂಲಕ ಮರದ ದಿಮ್ಮಿಗಳು ಮತ್ತು ಕಚ್ಚಾ ಗೇರುಬೀಜ ಒಳಬರುತ್ತವೆ, ಕಾಫಿ ಮತ್ತು ಗೇರುಬೀಜದ ತಿರುಳು ಹೊರಹೋಗುತ್ತವೆ. ಇಂಥ ಸರಕಿನ ಕಾಗದಪತ್ರಗಳ ನಡುವೆ ಇರುವ ಫ್ಯೂಮಿಗೇಷನ್ (ಕೀಟ ಕೊಲ್ಲಲು ಸರಕಿಗೆ ವಿಷಾನಿಲದ ಹೊಗೆ ಹಾಕುವುದು) ಪ್ರಮಾಣಪತ್ರದಲ್ಲಿ ಬಳಸಿದ ಅನಿಲ ಯಾವುದು, ಘನಮೀಟರಿಗೆ ಎಷ್ಟು ಗ್ರಾಂ, ಎಷ್ಟು ಗಂಟೆ ಎಂದು ನಮೂದಾಗಿರುತ್ತದೆ. ಅಲ್ಲಿ ಮತ್ತೆ ಮತ್ತೆ ಕಾಣುವ ಹೆಸರು ಇದು.

ಮೀಥೈಲ್ ಬ್ರೋಮೈಡ್ ಸುಮಾರು 3.6 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ. ಸಿಲಿಂಡರಿನಲ್ಲಿ ಒತ್ತಡದಲ್ಲಿರುವಾಗ ದ್ರವವಾಗಿರುವ ಅದು ಕರಾವಳಿಯ ಹವೆಗೆ ಬಿಟ್ಟೊಡನೆ ಆವಿಯಾಗುತ್ತದೆ. ಆ ಆವಿ ಗಾಳಿಗಿಂತ ಮೂರು ಪಟ್ಟಿಗೂ ಹೆಚ್ಚು ಭಾರವಾದುದರಿಂದ ನೆಲಕ್ಕೆ ಇಳಿದು, ತಗ್ಗಿನಲ್ಲಿ, ಚರಂಡಿಯಲ್ಲಿ, ಗೋದಾಮಿನ ಮೂಲೆಯಲ್ಲಿ ನಿಲ್ಲುತ್ತದೆ. ಅದಕ್ಕೆ ಬಣ್ಣವಿಲ್ಲ, ಅಪಾಯಕಾರಿ ಮಟ್ಟದಲ್ಲಿದ್ದಾಗಲೂ ಮೂಗಿಗೆ ತಿಳಿಯುವಂಥ ವಾಸನೆಯಿಲ್ಲ. ಹೀಗಾಗಿ ಎಚ್ಚರಿಕೆಗೆಂದು ಕಣ್ಣುರಿಸುವ ಕ್ಲೋರೋಪಿಕ್ರಿನ್ ಎಂಬ ಇನ್ನೊಂದು ರಾಸಾಯನಿಕವನ್ನು ಶೇ. 2ರಷ್ಟು ಬೆರೆಸಿ ಮಾರುವ ರೂಢಿಯಿದೆ. ಆದರೆ ಕ್ಲೋರೋಪಿಕ್ರಿನ್ ಸರಕಿಗೆ ಅಂಟಿಕೊಂಡು ಬೇಗ ಕರಗಿಹೋಗಬಹುದಾದ್ದರಿಂದ, ಕಣ್ಣು ಉರಿಯಲಿಲ್ಲವೆಂದ ಮಾತ್ರಕ್ಕೆ ಅನಿಲವಿಲ್ಲವೆಂದು ತಿಳಿಯುವಂತಿಲ್ಲ. ಸಾಮಾನ್ಯ ಸ್ಥಿತಿಯಲ್ಲಿ ಇದು ಹೊತ್ತಿಕೊಳ್ಳುವುದಿಲ್ಲ. ಯುರೋಪಿನಲ್ಲಿ ಒಂದು ಕಾಲಕ್ಕೆ ಇದನ್ನು ಬೆಂಕಿ ಆರಿಸುವ ಉಪಕರಣಗಳಲ್ಲೇ ತುಂಬುತ್ತಿದ್ದರು, ವಿಷದ ಅರಿವಾದ ಮೇಲೆ ಕೈಬಿಟ್ಟರು. ಅಲ್ಯೂಮಿನಿಯಂ ಜೊತೆ ಮಾತ್ರ ಇದರ ವರ್ತನೆ ಬೇರೆ: ದ್ರವರೂಪದ ಮೀಥೈಲ್ ಬ್ರೋಮೈಡ್ ಆ ಲೋಹದೊಂದಿಗೆ ವರ್ತಿಸಿ, ಗಾಳಿ ತಗುಲಿದರೆ ತಾನಾಗಿ ಹೊತ್ತಿಕೊಳ್ಳುವ ವಸ್ತುವನ್ನು ಉಂಟುಮಾಡಬಲ್ಲದು. ಆದ್ದರಿಂದ ಇದರ ಕೊಳವೆ ಮತ್ತು ಜೋಡಣೆಗಳಲ್ಲಿ ಅಲ್ಯೂಮಿನಿಯಂ ಇರಕೂಡದು.

ಕಾರ್ಖಾನೆಗಳಲ್ಲಿ ಮೆಥನಾಲನ್ನು ಹೈಡ್ರೋಜನ್ ಬ್ರೋಮೈಡ್ ಜೊತೆ ವರ್ತಿಸಿ ಇದನ್ನು ತಯಾರಿಸುತ್ತಾರೆ. ಇತರ ರಾಸಾಯನಿಕಗಳಿಗೆ ಮೀಥೈಲ್ ಗುಂಪನ್ನು (ಒಂದು ಇಂಗಾಲ, ಮೂರು ಜಲಜನಕದ ತುಣುಕು) ಜೋಡಿಸುವ ಕೆಲಸಕ್ಕೂ ಇದು ಬಳಕೆಯಾಗುತ್ತದೆ. ಅದೇ ಗುಣ ಇದನ್ನು ವಿಷವನ್ನಾಗಿಯೂ ಮಾಡಿದೆ. ಕೀಟದ ದೇಹವಿರಲಿ, ಮನುಷ್ಯನ ದೇಹವಿರಲಿ, ಪ್ರೋಟೀನುಗಳಲ್ಲಿ ಗಂಧಕವಿರುವ ಭಾಗಕ್ಕೆ ಮೀಥೈಲ್ ಗುಂಪು ಹೋಗಿ ಅಂಟಿಕೊಂಡರೆ ಆ ಪ್ರೋಟೀನು ಕೆಲಸ ನಿಲ್ಲಿಸುತ್ತದೆ. ಮರದ ಒಳಗೆ ಕೊರೆದು ಕೂತ ಹುಳುವನ್ನೂ ಅದರ ಮೊಟ್ಟೆಯನ್ನೂ ಇದು ಒಂದು ಹಗಲು ಒಂದು ರಾತ್ರಿಯಲ್ಲಿ ಮುಗಿಸುತ್ತದೆ. ಗೋದಾಮುಗಳಲ್ಲಿ ಗುಳಿಗೆ ಇಟ್ಟು ಬಿಡುಗಡೆ ಮಾಡುವ ಫಾಸ್ಫೀನ್ ಅನಿಲಕ್ಕೆ ಇದೇ ಕೆಲಸಕ್ಕೆ ಹಲವು ದಿನಗಳು ಬೇಕು. ಹಡಗು ಕಾಯುವುದಿಲ್ಲವಾದ್ದರಿಂದ ಬಂದರಿನಲ್ಲಿ ಎಂಬಿಗೆ ಬೇಡಿಕೆ ಉಳಿದುಕೊಂಡಿದೆ.

ಸರಕಿನ ಅಡಿಗೆ ಇಡುವ ಮರದ ಪ್ಯಾಲೆಟ್ಟಿನ ಪಕ್ಕದಲ್ಲಿ ಸುಟ್ಟು ಒತ್ತಿದ ಮುದ್ರೆಯೊಂದನ್ನು ನೋಡಬಹುದು: ಗೋಧಿ ತೆನೆಯ ಚಿತ್ರ, ದೇಶದ ಸಂಕೇತ, ಸಂಸ್ಥೆಯ ಸಂಖ್ಯೆ, ಕೊನೆಗೆ 'ಎಚ್‌ಟಿ' ಅಥವಾ 'ಎಂಬಿ'. ಎಚ್‌ಟಿ ಎಂದರೆ ಮರದ ತಿರುಳು 56 ಡಿಗ್ರಿ ಮುಟ್ಟಿ 30 ನಿಮಿಷ ನಿಲ್ಲುವಂತೆ ಕಾಯಿಸಲಾಗಿದೆ ಎಂದು. ಎಂಬಿ ಎಂದರೆ ಮೀಥೈಲ್ ಬ್ರೋಮೈಡಿನ ಹೊಗೆ ಹಾಕಲಾಗಿದೆ ಎಂದು. ಐಎಸ್‌ಪಿಎಂ 15 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ತಾಪಮಾನ 21 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಘನಮೀಟರಿಗೆ 48 ಗ್ರಾಂ, 24 ಗಂಟೆ ಕಾಲ. ಚಳಿ ಹೆಚ್ಚಿದಂತೆ ಪ್ರಮಾಣವೂ ಹೆಚ್ಚಬೇಕು. ಮಂಗಳೂರು, ಉಡುಪಿಯ ಸೆಕೆಯಲ್ಲಿ ವರ್ಷದ ಬಹುಭಾಗ ಈ ಕನಿಷ್ಠ ಪ್ರಮಾಣವೇ ಸಾಕಾಗುತ್ತದೆ. ಇಪ್ಪತ್ತು ಅಡಿಯ ಕಂಟೇನರಿನ ಒಳಗಾತ್ರ ಸುಮಾರು 33 ಘನಮೀಟರ್. ಎಂದರೆ ಬೇಕಾಗುವುದು ಒಂದೂವರೆ ಕಿಲೋಗಿಂತ ಸ್ವಲ್ಪ ಹೆಚ್ಚು ಅನಿಲ. ಇಲ್ಲಿನ ತೊಡಕು ಚಳಿಯದಲ್ಲ, ಮಳೆಯದು. ನೀರು ಕುಡಿದ ದಿಮ್ಮಿಯೊಳಗೆ ಅನಿಲ ಸರಿಯಾಗಿ ಇಳಿಯುವುದಿಲ್ಲ, ಜೂನ್ ತಿಂಗಳ ಗಾಳಿಗೆ ಟಾರ್ಪಾಲು ನಿಲ್ಲುವುದಿಲ್ಲ.

ತೆರೆದ ಜಾಗದಲ್ಲಿ ದಿಮ್ಮಿಗಳ ರಾಶಿಗೆ ಹೊಗೆ ಹಾಕುವಾಗ ಅನಿಲ ಸೋರದಂಥ ಹಾಳೆಯನ್ನು ಹೊದಿಸಿ, ಅಂಚಿನುದ್ದಕ್ಕೂ ಮರಳು ತುಂಬಿದ ಉದ್ದನೆಯ ಚೀಲಗಳನ್ನು ಒಂದರ ಮೇಲೊಂದು ತುದಿ ಬರುವಂತೆ ಹೇರುತ್ತಾರೆ. ಸಿಲಿಂಡರಿನ ದ್ರವವನ್ನು ಬಿಸಿನೀರಿನಲ್ಲಿ ಮುಳುಗಿರುವ ತಾಮ್ರದ ಸುರುಳಿಯ ಮೂಲಕ ಹಾಯಿಸಿ ಆವಿಯಾಗಿಸಿ ಒಳಬಿಡುತ್ತಾರೆ. ಭಾರದ ಅನಿಲ ತಳದಲ್ಲೇ ಕೂರದಿರಲು ಒಳಗೆ ಫ್ಯಾನು ಓಡಬೇಕು. ರಾಶಿಯ ಮೇಲೆ, ನಡುವೆ, ಕೆಳಗೆ ಇಟ್ಟ ಸಣ್ಣ ಕೊಳವೆಗಳ ಮೂಲಕ ಹೊರಗಿನಿಂದಲೇ ಸಾಂದ್ರತೆ ಅಳೆಯುತ್ತಾರೆ. 24 ಗಂಟೆಯ ಕೊನೆಯಲ್ಲೂ ಘನಮೀಟರಿಗೆ 24 ಗ್ರಾಂ ಉಳಿದಿರದಿದ್ದರೆ ಆ ಕೆಲಸ ಲೆಕ್ಕಕ್ಕಿಲ್ಲ.

ಭಾರತದಲ್ಲಿ ಇದು ಯಾರೂ ಅಂಗಡಿಯಿಂದ ತಂದು ಬಳಸುವ ವಸ್ತುವಲ್ಲ. ಸರ್ಕಾರಿ ಸಂಸ್ಥೆಗಳು ಅಥವಾ ಕೀಟನಿಯಂತ್ರಣ ಸಂಸ್ಥೆಗಳು ಮಾತ್ರ, ಅದೂ ಅನುಮೋದಿತ ತಜ್ಞರ ಕಣ್ಗಾವಲಿನಲ್ಲಿ, ಬಳಸಬಹುದು. ಓಜೋನ್ ಪದರಕ್ಕೆ ಹಾನಿ ಮಾಡುವುದರಲ್ಲಿ ಒಂದು ಬ್ರೋಮಿನ್ ಪರಮಾಣು ಒಂದು ಕ್ಲೋರಿನ್ ಪರಮಾಣುವಿಗಿಂತ ಹತ್ತಾರು ಪಟ್ಟು ಸಮರ್ಥವಾದುದರಿಂದ, 1992ರಲ್ಲಿ ಇದನ್ನು ಮಾಂಟ್ರಿಯಲ್ ಒಪ್ಪಂದದ ಪಟ್ಟಿಗೆ ಸೇರಿಸಲಾಯಿತು. ಮುಂದುವರಿದ ದೇಶಗಳಿಗೆ 2005, ಅಭಿವೃದ್ಧಿಶೀಲ ದೇಶಗಳಿಗೆ 2015 ಕೊನೆಯ ಗಡುವಾಗಿತ್ತು. ಹೊಲದ ಮಣ್ಣಿಗೆ ಇದನ್ನು ಉಣಿಸುವ ಪದ್ಧತಿ ಹೀಗೆ ಬಹುಮಟ್ಟಿಗೆ ನಿಂತಿತು. ಕ್ವಾರಂಟೈನ್ (ಸರಕಿನೊಡನೆ ಹೊರಗಿನ ಕೀಟ ಬರದಂತೆ ತಡೆಯುವುದು) ಮತ್ತು ಹಡಗೇರುವ ಮುನ್ನಿನ ಬಳಕೆಗೆ ಮಾತ್ರ ವಿನಾಯಿತಿ ಉಳಿಯಿತು. ಆ ಕಾರಣಕ್ಕೇ ಇಂದು ಇದು ಹೊಲಕ್ಕಿಂತ ಬಂದರಿಗೆ ಹತ್ತಿರದ ಹೆಸರು. ಪ್ಯಾಲೆಟ್ಟಿಗೆ ಕಾಯಿಸುವ ವಿಧಾನ ಇರುವಾಗ ಅದನ್ನೇ ಆರಿಸಿಕೊಳ್ಳುವುದು ಲೇಸು ಎಂಬುದು ನನ್ನ ಅಭಿಪ್ರಾಯ.

ಸುರಕ್ಷತೆಯ ನಿಯಮಗಳಲ್ಲಿ ಒಂದು ಹೊಸಬರಿಗೆ ವಿಚಿತ್ರವಾಗಿ ಕಾಣುತ್ತದೆ. ಬೇರೆ ವಿಷಗಳಿಗೆ ಕೈಗವಸು ಕಡ್ಡಾಯ. ಇಲ್ಲಿ ಕೈಗವಸು, ರಬ್ಬರ್ ಬೂಟು, ಬಿಗಿಯಾದ ಬಟ್ಟೆ, ಉಂಗುರ, ಗಡಿಯಾರ ಇವೆಲ್ಲ ಬೇಡ ಎನ್ನುತ್ತವೆ ಕೈಪಿಡಿಗಳು. ಮೀಥೈಲ್ ಬ್ರೋಮೈಡ್ ರಬ್ಬರನ್ನೂ ಚರ್ಮವನ್ನೂ ಹಾದು ಒಳಸೇರುತ್ತದೆ. ಹಾಗೆ ಸಿಕ್ಕಿಬಿದ್ದ ದ್ರವ ಆರಿಹೋಗಲು ದಾರಿಯಿಲ್ಲದೆ ಮೈಮೇಲೆ ದೊಡ್ಡ ಬೊಬ್ಬೆಗಳನ್ನು ಎಬ್ಬಿಸುತ್ತದೆ. ಸಡಿಲವಾದ ಉದ್ದ ತೋಳಿನ ಬಟ್ಟೆ ಮತ್ತು ಮುಖಕವಚ ಇರಬೇಕು, ದ್ರವ ಬಿದ್ದ ಬಟ್ಟೆ ಬೂಟುಗಳನ್ನು ಕೂಡಲೇ ಕಳಚಬೇಕು. ಅನಿಲವಿರುವ ಜಾಗಕ್ಕೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡೇ ಹೋಗಬೇಕು. ಬಾಯಿಗೆ ಕಟ್ಟುವ ಬಟ್ಟೆಯಿಂದಾಗಲಿ ಧೂಳಿನ ಮಾಸ್ಕಿನಿಂದಾಗಲಿ ಏನೂ ಪ್ರಯೋಜನವಿಲ್ಲ. ಹಿಂದೆ ಸೋರಿಕೆ ಹುಡುಕಲು ಹ್ಯಾಲೈಡ್ ದೀಪ ಹಿಡಿಯುತ್ತಿದ್ದರು. ಅನಿಲವಿದ್ದಲ್ಲಿ ಜ್ವಾಲೆ ಹಸಿರಾಗುತ್ತದೆ. ಆದರೆ ಕೆಲವೇ ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಎಷ್ಟು ಭಾಗ ಎಂಬ ಅಳತೆ) ಇದ್ದಾಗ ಆ ದೀಪ ಏನನ್ನೂ ತೋರಿಸುವುದಿಲ್ಲ. ದಿನವಿಡೀ ಕೆಲಸ ಮಾಡುವವರಿಗೆ ಅಮೆರಿಕದ ಔದ್ಯೋಗಿಕ ಆರೋಗ್ಯ ತಜ್ಞರು ಸೂಚಿಸುವ ಮಿತಿ 1 ಪಿಪಿಎಂ ಆಗಿರುವುದರಿಂದ ಸೂಕ್ಷ್ಮ ಅಳತೆಯ ಉಪಕರಣ ಇಲ್ಲದೆ ಆಗದು.

ಇದರ ಬಾಧೆ ತಡವಾಗಿ ಕಾಣಿಸಿಕೊಳ್ಳುತ್ತದೆ. ಉಸಿರಾಡಿದವರು ಆ ಹೊತ್ತಿಗೆ ಚೆನ್ನಾಗಿಯೇ ಇದ್ದು, ಕೆಲವು ಗಂಟೆಗಳ ಬಳಿಕ ತಲೆನೋವು, ವಾಕರಿಕೆ, ಕಣ್ಣು ಮಂಜಾಗುವುದು, ನಾಲಿಗೆ ತೊದಲುವುದು, ಕೈಕಾಲು ನಡುಗುವುದು ಶುರುವಾಗಬಹುದು. ತೀವ್ರವಾದರೆ ಅಪಸ್ಮಾರದಂಥ ಸೆಳವು ಬರುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ನಿರ್ದಿಷ್ಟವಾದ ಪ್ರತಿವಿಷ ಇಲ್ಲ. ಅನುಮಾನವಿದ್ದರೆ ತೆರೆದ ಗಾಳಿಗೆ ಕರೆತಂದು, ರೋಗಲಕ್ಷಣಕ್ಕೆ ಕಾಯದೆ ಆಸ್ಪತ್ರೆಗೆ ಒಯ್ದು, ಯಾವ ಅನಿಲವೆಂದು ವೈದ್ಯರಿಗೆ ಹೆಸರು ಹೇಳಬೇಕು.

ಈ ಎಚ್ಚರ ಹೊಗೆ ಹಾಕುವವರಿಗೆ ಮಾತ್ರವಲ್ಲ, ಬೈಕಂಪಾಡಿಯ ಗೋದಾಮಿನಲ್ಲೋ ಕಾರ್ಕಳದ ಗೇರುಬೀಜ ಕಾರ್ಖಾನೆಯಲ್ಲೋ ಹೊರದೇಶದ ಕಂಟೇನರಿನ ಬಾಗಿಲು ತೆಗೆಯುವವರಿಗೂ ಬೇಕು. ಒಮ್ಮೆ ಗಾಳಿಯಾಡಿಸಿದ ಕಂಟೇನರನ್ನು ಮತ್ತೆ ಮುಚ್ಚಿದರೆ, ಗೋಣಿ ಮತ್ತು ಮರ ಹೀರಿಕೊಂಡ ಅನಿಲ ನಿಧಾನವಾಗಿ ಹೊರಬಂದು ಒಳಗೆ ಮತ್ತೆ ಸೇರುತ್ತದೆ. ಬಾಗಿಲ ಮೇಲೆ ಫ್ಯೂಮಿಗೇಷನ್ನಿನ ಎಚ್ಚರಿಕೆ ಚೀಟಿ ಇದ್ದರೂ ಇಲ್ಲದಿದ್ದರೂ ಎರಡೂ ಬಾಗಿಲು ತೆರೆದು, ಕಂಟೇನರಿನಿಂದ ಗಾಳಿ ಬೀಸಿಹೋಗುವ ಕಡೆ ನಿಲ್ಲದೆ ದೂರ ಸರಿದು, ಅಳತೆ ಆ 1 ಪಿಪಿಎಂ ಮಿತಿಗಿಂತ ಕೆಳಗಿಳಿದುದನ್ನು ನೋಡಿದ ಮೇಲೆಯೇ ಹಮಾಲರನ್ನು ಒಳಗೆ ಕಳಿಸಬೇಕು.