ಹ್ಯಾಂಗರ್ ತುಂಬಿದ್ದರೆ ಕೆಲಸ ಬೇಗ ಮುಗಿಯುತ್ತದೆಯೇ?

ಪ್ರಶ್ನೆ: ದೊಡ್ಡ ದುರಸ್ತಿಗೆಂದು ಡಿಪೋಗೆ ಹೋದ ಸೇನಾ ವಿಮಾನ ತಿಂಗಳುಗಟ್ಟಲೆ ಏಕೆ ಹೊರಬರುವುದಿಲ್ಲ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ಬಿಚ್ಚಿ ನೋಡುವ ತನಕ ಕೆಲಸ ಎಷ್ಟಿದೆಯೆಂದು ಯಾರಿಗೂ ಗೊತ್ತಿರುವುದಿಲ್ಲ. ಬಣ್ಣ ತೆಗೆದು ಮುಚ್ಚಳಗಳನ್ನು ಬಿಚ್ಚಿದ ಮೇಲೆಯೇ ತುಕ್ಕು, ಕೂದಲೆಳೆಯಂಥ ಬಿರುಕು ಕಣ್ಣಿಗೆ ಬೀಳುತ್ತವೆ. ಆಮೇಲೆ ಬಿಡಿಭಾಗಕ್ಕೆ ಕಾಯಬೇಕು.

ಇಷ್ಟು ಹೇಳಿದೊಡನೆ ಮರುಮಾತು ಸಿದ್ಧವಾಗಿರುತ್ತದೆ: "ಸರದಿಯಲ್ಲಿರುವುದನ್ನೆಲ್ಲ ಒಟ್ಟಿಗೇ ಒಳಗೆ ತೆಗೆದುಕೊಂಡರೆ ಬೇಗ ಮುಗಿಯುವುದಿಲ್ಲವೇ?" ಇಲ್ಲ, ಖಂಡಿತ ಇಲ್ಲ! ಬೇಗ ಶುರುವಾಗುತ್ತದೆ, ಅಷ್ಟೇ. ನಾನು ತರಗತಿಯಲ್ಲಿ ಮೊದಲ ದಿನವೇ ಬರೆಸುವ ಲೆಕ್ಕವಿದು. 20 ದಿನಕ್ಕೊಂದು ವಿಮಾನ ಡಿಪೋದಿಂದ ಹೊರಬೀಳುತ್ತಿದೆ ಎನ್ನೋಣ. ಒಳಗೆ 12 ವಿಮಾನಗಳಿದ್ದರೆ ಒಂದೊಂದೂ ಸರಾಸರಿ 240 ದಿನ ಅಲ್ಲಿರುತ್ತದೆ. 7 ಇದ್ದರೆ 140 ದಿನ ಸಾಕು. ಕೆಲಸಗಾರರು ಅವರೇ, ಕೆಲಸವೂ ಅಷ್ಟೇ. ಮಿಕ್ಕ 100 ದಿನ ವಿಮಾನ ರೆಕ್ಕೆ ಬಿಚ್ಚಿಕೊಂಡು ಸುಮ್ಮನೆ ನಿಂತಿರುತ್ತದೆ.

ಅಮೆರಿಕದ ವಾರ್ನರ್ ರಾಬಿನ್ಸ್ ಡಿಪೋ ಇದನ್ನು ಮಾಡಿಯೇ ತೋರಿಸಿತು. ಒಳಗಿದ್ದ ಸಿ-5 ಸರಕು ವಿಮಾನಗಳನ್ನು 12ರಿಂದ 7ಕ್ಕೆ ಇಳಿಸಿತು. ಲೆಕ್ಕಾಚಾರದ ಬಲದಿಂದ ಕೆಲಸದ ವಿಧಾನ ಸುಧಾರಿಸಿದವರಿಗೆ ಕೊಡುವ ಎಡೆಲ್ಮನ್ ಪ್ರಶಸ್ತಿಯೂ 2006ರಲ್ಲಿ ಆ ಕೆಲಸಕ್ಕೆ ಬಂತು.

ಕಿಕ್ಕಿರಿದ ಹ್ಯಾಂಗರ್‌ನಲ್ಲಿ ಇನ್ನೊಂದು ಅಪಾಯವಿದೆ. ಮುಂದಿನ ವಿಮಾನಕ್ಕೆ ಹೈಡ್ರಾಲಿಕ್ ಪಂಪ್ ಬಂದಿಲ್ಲವೆಂದು ಹಿಂದೆ ನಿಂತಿರುವ ವಿಮಾನದ ಪಂಪನ್ನೇ ಕಳಚಿ ತರುತ್ತಾರೆ. ನಾಳೆ ಹೊಸ ಪಂಪ್ ಬಂದಾಗ ಹಿಂದಿನದಕ್ಕೂ ಜೋಡಿಸಬೇಕು. ಹೊಸ ಸೀಲು, ಕೊಳವೆ ಜೋಡಣೆ, ಸೋರಿಕೆ ಪರೀಕ್ಷೆ, ದಾಖಲೆಯಲ್ಲಿ ಸಹಿ, ಎಲ್ಲವೂ ಎರಡೆರಡು ಸಲ.

ಬಿಚ್ಚುವ ಮಾತು ಬಂತು, ಯಾರೂ ಕೇಳದಿದ್ದರೂ ಇದನ್ನು ಹೇಳಿಬಿಡುತ್ತೇನೆ. ಹೆಚ್ಚು ಸಲ ಬಿಚ್ಚಿ ನೋಡಿದಷ್ಟೂ ವಿಮಾನ ಗಟ್ಟಿಯಾಗುತ್ತದೆಯೇ? ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ವಾಯುಪಡೆಯ ಸಮುದ್ರ ಗಸ್ತು ವಿಭಾಗವಾದ ಕೋಸ್ಟಲ್ ಕಮಾಂಡ್‌ನಲ್ಲಿದ್ದ ಜೀವವಿಜ್ಞಾನಿ ಸಿ. ಎಚ್. ವ್ಯಾಡಿಂಗ್ಟನ್ ಮತ್ತು ಸಂಗಡಿಗರು ಲಿಬರೇಟರ್ ವಿಮಾನಗಳ ದಾಖಲೆಗಳನ್ನು ಕೂತು ಪರಿಶೀಲಿಸಿದರು. 50 ಗಂಟೆ ಹಾರಾಟಕ್ಕೊಮ್ಮೆ ನಡೆಯುತ್ತಿದ್ದ ತಪಾಸಣೆ ಮುಗಿದ ಬೆನ್ನಿಗೇ ಅನಿರೀಕ್ಷಿತ ದುರಸ್ತಿಗಳು ಏರುತ್ತಿದ್ದವು, ಹಾರುತ್ತಾ ಹೋದಂತೆ ಇಳಿಯುತ್ತಿದ್ದವು. ಸರಿಯಿದ್ದುದನ್ನು ಕಳಚಿ ಮತ್ತೆ ಕೂಡಿಸುವಾಗಲೇ ದೋಷ ಒಳಸೇರುತ್ತಿತ್ತು. ತಪಾಸಣೆಗಳ ನಡುವಿನ ಅಂತರ ಹೆಚ್ಚಿಸಿ ಎಂದು ಅವರು ಶಿಫಾರಸು ಮಾಡಿದರು.